ಅಂಕ ಕಡಿಮೆ ಬಂದವರೂ ಡಾಕ್ಟರಿಕೆಗೆ ಅರ್ಜಿ ಹಾಕುವ ಬಗೆ



ಇಂಟರ್ ಫಲಿತಾಂಶ ಬಂದ ವಾರ ನಮ್ಮ ಕಂಗ್ಟಿ, ನಾರಾಯಣಖೇಡ, ಜಹೀರಾಬಾದ್, ತಾಂಡೂರು ಕಡೆಯ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ. "ಹುಡುಗಿಗೆ ಡಾಕ್ಟರ್ ಆಗಬೇಕೆಂದು ಬಹಳ ಆಸೆ ಇತ್ತು, ಮಾರ್ಕು ಬರಲಿಲ್ಲ, ಇನ್ನು ಡಿಗ್ರಿಗೆ ಹಾಕುತ್ತೇವೆ" ಎನ್ನುತ್ತಾರೆ. ಕೆಲವರು ಅಷ್ಟಕ್ಕೇ ಕೈಬಿಡುತ್ತಾರೆ. ಇನ್ನು ಕೆಲವರು ಅವಸರಪಟ್ಟು ಮಗುವನ್ನು ಗಡಿ ದಾಟಿಸಿ, ಬೀದರಿನ ಕಾಲೇಜಿನಲ್ಲಿ ಪಿಯುಸಿಯನ್ನು ಮೊದಲಿನಿಂದ ಓದಿಸಲು ಹೊರಡುತ್ತಾರೆ. ಈ ಎರಡರಲ್ಲಿ ಯಾವುದನ್ನು ಮಾಡುವ ಮೊದಲೂ ಯಾವ ಅಂಕ ಯಾವುದಕ್ಕೆ ಬೇಕು ಎಂಬುದನ್ನು ತಿಳಿದುಕೊಳ್ಳಿ.

ಹಿಂದೆ ಎಂಸೆಟ್ ಇದ್ದ ಕಾಲದಲ್ಲಿ ಇಂಟರ್ ಅಂಕಕ್ಕೂ ರ‍್ಯಾಂಕಿನಲ್ಲಿ ಪಾಲಿತ್ತು. 2017ರಿಂದ ನಮ್ಮಲ್ಲಿ ಎಂ.ಬಿ.ಬಿ.ಎಸ್. ಸೀಟು ಹಂಚುವುದು ನೀಟ್ ಪರೀಕ್ಷೆಯ ಅಂಕದ ಮೇಲೆಯೇ. ಹತ್ತನೆಯ ತರಗತಿಯಲ್ಲಿ ಎಷ್ಟು ಬಂದಿತ್ತು ಎಂದು ರ‍್ಯಾಂಕ್ ಕಟ್ಟುವಾಗ ಯಾರೂ ನೋಡುವುದಿಲ್ಲ. ಇಂಟರ್ ಅಂಕ ಹೊಸ್ತಿಲು ಮಾತ್ರ. ಅದನ್ನು ದಾಟಿದವರೆಲ್ಲ ಒಳಗೆ ಸಮಾನರು.

ಆ ಹೊಸ್ತಿಲಿನ ಎತ್ತರ ಎಷ್ಟು? 1997ರ ವೈದ್ಯಕೀಯ ಶಿಕ್ಷಣ ನಿಯಮಾವಳಿಯಂತೆ ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗದವರಿಗೆ 40 ಬೇಕಿತ್ತು. 2023ರ ನಿಯಮಾವಳಿ ಈ ವಿಷಯಗಳಲ್ಲಿ ಮತ್ತು ಇಂಗ್ಲಿಷಿನಲ್ಲಿ ಪಾಸಾಗಿರಬೇಕು ಎಂದಷ್ಟೇ ಹೇಳುತ್ತದೆ. ಆದರೆ ಅರ್ಜಿ ಪರಿಶೀಲಿಸುವುದು ರಾಜ್ಯದ ಪ್ರವೇಶ ಪುಸ್ತಿಕೆಯ ಪ್ರಕಾರ. ಆದ್ದರಿಂದ ಹಳೆಯ ಗೆರೆಯನ್ನೇ ಗುರಿಯಾಗಿಟ್ಟುಕೊಳ್ಳುವುದು ಕ್ಷೇಮ ಎಂದು ನನ್ನ ಅಭಿಪ್ರಾಯ.

ಇಲ್ಲಿ ಅನೇಕ ತಂದೆತಾಯಿಗಳು ಲೆಕ್ಕ ತಪ್ಪುತ್ತಾರೆ. ತೆಲಂಗಾಣದ ಬೈಪಿಸಿಯಲ್ಲಿ 2025ರವರೆಗಿನ ಪದ್ಧತಿಯಂತೆ ಒಟ್ಟು ಅಂಕ 1000. ಅದರಲ್ಲಿ 400 ಭಾಷೆಗಳದು. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಭೌತ, ರಸಾಯನ ಒಂದೊಂದಕ್ಕೂ ಪ್ರಾಕ್ಟಿಕಲ್ ಸೇರಿ ಎರಡು ವರ್ಷಕ್ಕೆ 150, ಅಂದರೆ ನಾಲ್ಕೂ ಸೇರಿ 600. ನೋಡಬೇಕಾದದ್ದು ಈ 600ನ್ನು. ಒಬ್ಬ ಹುಡುಗನಿಗೆ ಒಟ್ಟು 580 ಬಂದಿದೆ, ಅದರಲ್ಲಿ 300 ಭಾಷೆಗಳದು ಎಂದಿಟ್ಟುಕೊಳ್ಳಿ. ವಿಜ್ಞಾನದಲ್ಲಿ ಉಳಿದದ್ದು 280, ಐವತ್ತರ ಗೆರೆಗೆ 20 ಕಡಿಮೆ. ಇನ್ನೊಬ್ಬಳಿಗೆ ಒಟ್ಟು 540ರಲ್ಲಿ ಭಾಷೆಗಳದು 220 ಮಾತ್ರ, ವಿಜ್ಞಾನದಲ್ಲಿ 320. ಅವಳು ಗೆರೆ ದಾಟಿದ್ದಾಳೆ.

ಗೆರೆ ದಾಟದವರು ಇಡೀ ಎರಡು ವರ್ಷ ಮತ್ತೆ ಓದಬೇಕಿಲ್ಲ. ಮೊದಲನೆಯ ವರ್ಷ ಪಾಸಾದವರು ಅದೇ ಬೇಸಿಗೆಯ ಅಡ್ವಾನ್ಸ್ಡ್ ಸಪ್ಲಿಮೆಂಟರಿ ಪರೀಕ್ಷೆಯಲ್ಲಿ ಇಂಪ್ರೂವ್‌ಮೆಂಟ್ ಬರೆಯಬಹುದು. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಫೀ ಕಟ್ಟುವ ಗಡುವು ಮುಗಿಯುತ್ತದೆ. ಊರಿನ ಮದುವೆ ಮುಂಜಿಗಳ ನಡುವೆ ಅದನ್ನು ಮರೆಯಬೇಡಿ. ಉತ್ತರ ಚೆನ್ನಾಗಿ ಬರೆದಿದ್ದೇನೆ ಎಂಬ ನಂಬಿಕೆ ಇದ್ದರೆ ಮರುಎಣಿಕೆ ಮತ್ತು ಮರುಪರಿಶೀಲನೆಯೂ ಉಂಟು. ಕರ್ನಾಟಕದ ಕಡೆ ಓದುತ್ತಿರುವವರಿಗೆ ದ್ವಿತೀಯ ಪಿಯುಸಿಯಲ್ಲಿ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆದಿವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು. ಎಂಪಿಸಿ ಓದಿ ಆಮೇಲೆ ಮನಸ್ಸು ಬದಲಾದವರಿಗೂ ದಾರಿಯಿದೆ. ಜೀವಶಾಸ್ತ್ರವನ್ನು ಹನ್ನೆರಡರ ನಂತರ ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದರೂ ಸಾಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರಿನಲ್ಲಿ ಪ್ರಕಟಿಸಿತು.

ಇನ್ನು ಗಡಿ ದಾಟುವ ಮಾತು. 1956ಕ್ಕೆ ಮೊದಲು ನಾರಾಯಣಖೇಡ, ಜಹೀರಾಬಾದ್ ಎರಡೂ ಬೀದರ್ ಜಿಲ್ಲೆಯಲ್ಲೇ ಇದ್ದವು. ಇಂದಿಗೂ ಕಂಗ್ಟಿಯವರಿಗೆ ಸಂಗಾರೆಡ್ಡಿಗಿಂತ ಬೀದರ್ ಹತ್ತಿರ. ನೆಂಟರಿದ್ದಾರೆ, ಭಾಷೆ ನಮ್ಮದು, ಕಾಲೇಜುಗಳಿಗೂ ಹೆಸರಿದೆ. ಆದರೆ ಸೀಟಿನ ಲೆಕ್ಕಕ್ಕೆ ಈ ನೆಂಟಸ್ತಿಕೆ ಬರುವುದಿಲ್ಲ. ತೆಲಂಗಾಣ 2024ರಲ್ಲಿ ತಿದ್ದಿದ ನಿಯಮದಂತೆ, ಸ್ಥಳೀಯ ವಿದ್ಯಾರ್ಥಿ ಎನಿಸಿಕೊಳ್ಳಲು 9ರಿಂದ 12ರವರೆಗೆ ಸತತ ನಾಲ್ಕು ವರ್ಷ ರಾಜ್ಯದೊಳಗೇ ಓದಿರಬೇಕು. ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್ 1ರಂದು ಈ ನಿಯಮವನ್ನು ಎತ್ತಿಹಿಡಿಯಿತು. ಸರ್ಕಾರಿ ನೌಕರರ ಮಕ್ಕಳಂಥ ಕೆಲವರಿಗೆ ವಿನಾಯಿತಿ ಉಂಟು, ರೈತನ ಮಗನಿಗೆ ಇಲ್ಲ.

ಆ ಕಡೆ ಕರ್ನಾಟಕದಲ್ಲಿ ಸಾಮಾನ್ಯ ನಿಯಮ ಒಂದರಿಂದ ಹನ್ನೆರಡರೊಳಗೆ ಕನಿಷ್ಠ 7 ವರ್ಷ ಅಲ್ಲಿ ಓದಿರಬೇಕೆಂಬುದು. ಹತ್ತನೆಯವರೆಗೆ ಇಲ್ಲಿ ಓದಿ ಪಿಯುಸಿಗೆ ಬೀದರಿಗೆ ಹೋದ ಹುಡುಗ ಇಲ್ಲಿಯ ನಾಲ್ಕನ್ನೂ ಕಳೆದುಕೊಳ್ಳುತ್ತಾನೆ, ಅಲ್ಲಿಯ ಏಳನ್ನೂ ಮುಟ್ಟುವುದಿಲ್ಲ. ಅವನಿಗೆ ಉಳಿಯುವುದು ಅಖಿಲ ಭಾರತ ಕೋಟಾ ಮತ್ತು ದುಬಾರಿ ಸೀಟುಗಳು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪುಸ್ತಿಕೆಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಮುಗಳಿವೆ ನಿಜ. ಗಡಿನಾಡು ಕಲಮಿನಲ್ಲಿ ತಾಲೂಕುಗಳನ್ನು ಹೆಸರು ಹಿಡಿದು ಬರೆದಿದ್ದಾರೆ. ಆ ವರ್ಷದ ಪುಸ್ತಿಕೆಯನ್ನು ಕಣ್ಣಾರೆ ಓದದೆ, ಯಾರೋ ಹೇಳಿದರೆಂದು ಮಗುವಿನ ಟಿ.ಸಿ. ತೆಗೆಸಬೇಡಿ. ಸಂಗಾರೆಡ್ಡಿಯಲ್ಲಿ 2022ರಲ್ಲಿ, ವಿಕಾರಾಬಾದಿನಲ್ಲಿ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿರುವಾಗ ಸ್ಥಳೀಯ ಹಕ್ಕನ್ನು ಬಿಟ್ಟುಕೊಡುವುದು ದೊಡ್ಡ ನಷ್ಟ. ಇಂಟರ್ ಮುಗಿದ ಮೇಲೆ ನೀಟ್ ತರಬೇತಿಗೆ ಬೀದರಿಗೆ ಹೋದರೆ ಅಡ್ಡಿಯಿಲ್ಲ. ತರಬೇತಿ ಆ ನಾಲ್ಕು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ.

ಈಗ ನೀಟ್. ಇದನ್ನು ಇಷ್ಟೇ ಸಲ ಬರೆಯಬೇಕೆಂಬ ಮಿತಿಯಿಲ್ಲ, ಮೇಲಿನ ವಯಸ್ಸಿನ ಕಟ್ಟೂ ಇಲ್ಲ. ಕಳೆದ ಸಲದ ಕಡಿಮೆ ಅಂಕ ಈ ಸಲದ ರ‍್ಯಾಂಕಿಗೆ ಅಂಟಿಕೊಳ್ಳುವುದಿಲ್ಲ. 2025ರಲ್ಲಿ 180 ಪ್ರಶ್ನೆ, 180 ನಿಮಿಷ, 720 ಅಂಕ. ಅದರಲ್ಲಿ ಅರ್ಧ, ಅಂದರೆ 360, ಜೀವಶಾಸ್ತ್ರದ್ದು. ನಮ್ಮ ಮಕ್ಕಳು ಸೋಲುವುದು ಹೆಚ್ಚಾಗಿ ಭೌತಶಾಸ್ತ್ರದಲ್ಲಿ, ಅದರ ಬೇರು ಒಂಬತ್ತು ಹತ್ತನೆಯ ತರಗತಿಯ ಗಣಿತದಲ್ಲಿದೆ. ಲಾಂಗ್ ಟರ್ಮಿಗೆ ಸೇರುವ ಮೊದಲು ಆ ಗಣಿತದ ಪುಸ್ತಕವನ್ನು ಒಂದು ತಿಂಗಳು ತಿರುವಿಹಾಕಿದರೆ ತರಬೇತಿಯ ದುಡ್ಡು ಸಾರ್ಥಕವಾದೀತು.

ಸರಿ ಉತ್ತರಕ್ಕೆ 4 ಬರುತ್ತದೆ, ತಪ್ಪಿಗೆ 1 ಹೋಗುತ್ತದೆ. ಕುರುಡಾಗಿ ನಾಲ್ಕು ಪ್ರಶ್ನೆಗೆ ಗುರುತು ಹಾಕಿದರೆ ಸರಾಸರಿ ಒಂದು ಸರಿ, ಮೂರು ತಪ್ಪು. ಕೈಗೆ ಸಿಗುವುದು 1 ಅಂಕ. ಹಾಗೆ 40 ಪ್ರಶ್ನೆಗೆ ಅದೃಷ್ಟ ನಂಬಿದರೆ 10 ಅಂಕ, ಹತ್ತೇ ಪ್ರಶ್ನೆಯನ್ನು ಕಲಿತು ಬರೆದರೆ 40 ಅಂಕ. ಅಭ್ಯಾಸ ಪರೀಕ್ಷೆಯ ತಪ್ಪುಗಳನ್ನು ಒಂದು ನೋಟುಬುಕ್ಕಿನಲ್ಲಿ ಮೂರು ಪಾಲು ಮಾಡಿ ಬರೆಯಲು ಹೇಳಿ: ಗೊತ್ತಿರಲಿಲ್ಲ, ಗೊತ್ತಿದ್ದೂ ಲೆಕ್ಕ ತಪ್ಪಿತು, ಪ್ರಶ್ನೆಯ ಮಾತೇ ತಿಳಿಯಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಇಂಟರಿನಲ್ಲಿ ಇಂಗ್ಲಿಷ್ ಎಂದು ಬೆಳೆದವರಿಗೆ ಮೂರನೆಯ ಪಾಲು ಸಣ್ಣದಾಗಿರುವುದಿಲ್ಲ.

ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ತೆಲುಗಿನಲ್ಲೂ ಸಿಗುತ್ತದೆ, ಪಕ್ಕದಲ್ಲಿ ಇಂಗ್ಲಿಷ್ ಇರುತ್ತದೆ. ಕನ್ನಡ ಆರಿಸಿದರೆ ಪರೀಕ್ಷಾ ಕೇಂದ್ರ ಕರ್ನಾಟಕದಲ್ಲಿ, ತೆಲುಗು ಆರಿಸಿದರೆ ತೆಲಂಗಾಣ ಅಥವಾ ಆಂಧ್ರದಲ್ಲಿ ಸಿಗುತ್ತದೆ. ಅನುವಾದದಲ್ಲಿ ಗೊಂದಲ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. ಪಾರಿಭಾಷಿಕ ಪದಗಳನ್ನು ಯಾವ ಭಾಷೆಯಲ್ಲಿ ಕಲಿತಿದ್ದಾರೋ ಆ ಭಾಷೆಯನ್ನೇ ಆರಿಸಲಿ, ಇದರಲ್ಲಿ ಅಭಿಮಾನದ ಪ್ರಶ್ನೆ ಬೇಡ.

ಎಷ್ಟು ವರ್ಷ ಪ್ರಯತ್ನಿಸಬೇಕು? 2025ರಲ್ಲಿ ಸುಮಾರು 22 ಲಕ್ಷ ಮಂದಿ ಬರೆದು 12 ಲಕ್ಷಕ್ಕೂ ಹೆಚ್ಚು ಮಂದಿ ಅರ್ಹರಾದರು. ಎಂ.ಬಿ.ಬಿ.ಎಸ್. ಸೀಟುಗಳು ಸುಮಾರು 1 ಲಕ್ಷ 20 ಸಾವಿರ. ಅರ್ಹತೆ ಬಂತೆಂದರೆ ಸೀಟು ಬಂತೆಂದಲ್ಲ. ಒಂದು ವರ್ಷ ಪೂರ್ತಿ ಕೊಡಿ. ಅಂಕ ಚೆನ್ನಾಗಿ ಮೇಲೇರಿದರೆ ಇನ್ನೊಂದು ವರ್ಷ. ಇದ್ದಲ್ಲೇ ನಿಂತರೆ ಹೊಲ ಅಡವಿಟ್ಟು ಮೂರನೆಯದಕ್ಕೆ ಕಳಿಸಬೇಡಿ. ಆಯುರ್ವೇದ, ಹೋಮಿಯೋಪಥಿ, ಯುನಾನಿಗೂ ಅದೇ ನೀಟ್ ಅಂಕ ಸಲ್ಲುತ್ತದೆ.

ಕೊನೆಗೆ ಕಾಗದಪತ್ರ. 9ರಿಂದ 12ರವರೆಗಿನ ಸ್ಟಡಿ ಸರ್ಟಿಫಿಕೇಟುಗಳನ್ನು ಈಗಲೇ ಆಯಾ ಶಾಲೆಗಳಿಂದ ಬರೆಸಿಕೊಂಡು ಇಡಿ, ಕೌನ್ಸೆಲಿಂಗ್ ಶುರುವಾದ ಮೇಲೆ ಓಡಾಡಲು ಸಮಯ ಇರುವುದಿಲ್ಲ. ಮಗುವಿನ ಹೆಸರು ಮತ್ತು ತಂದೆಯ ಹೆಸರು ಆಧಾರ್, ಹತ್ತನೆಯ ಮೆಮೊ, ಜಾತಿ ಪ್ರಮಾಣಪತ್ರ ಮೂರರಲ್ಲೂ ಒಂದೇ ಅಕ್ಷರದಲ್ಲಿ ಇದೆಯೇ ನೋಡಿ. ಒಂದರಲ್ಲಿ ಬಸಪ್ಪ, ಇನ್ನೊಂದರಲ್ಲಿ ಬಸ್ವಪ್ಪ, ಮತ್ತೊಂದರಲ್ಲಿ ಬಸಯ್ಯ ಎಂದಿದ್ದರೆ ಈ ಬೇಸಿಗೆಯಲ್ಲೇ ತಿದ್ದಿಸಿಬಿಡಿ.