ನಾಲ್ಕೇ ಬಣ್ಣದ ಚಿತ್ತಾರ

ಸೊರಬ ಎಂದರೆ ಗುಡಿಗಾರರ ಗಂಧದ ಕೆತ್ತನೆ, ಶಿಕಾರಿಪುರ ಎಂದರೆ ಬಳ್ಳಿಗಾವಿಯ ದೇಗುಲ. ಹೊರಗಿನವರಿಗೆ ಗೊತ್ತಿರುವುದು ಇಷ್ಟೇ. ಇದೇ ಸೀಮೆಯ ದೀವರ ಸಮುದಾಯದ ಹೆಂಗಸರು ತಾವೇ ಅರೆದು, ಸೋಸಿ, ಹುರಿದು ಮಾಡಿಕೊಳ್ಳುವ ಬಣ್ಣಗಳ ಸುದ್ದಿ ಅಷ್ಟಾಗಿ ಊರು ದಾಟಿಲ್ಲ. ಮದುವೆ ಮನೆಯ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಗದ್ದೆಗೆ ಹೊರುವ ಭೂಮಣ್ಣಿ ಬುಟ್ಟಿ ಎರಡರ ಮೇಲೂ ಮೂಡುವ ಹಸೆ ಚಿತ್ತಾರಕ್ಕೆ ಬೇಕಾದ ಬಣ್ಣ ನಾಲ್ಕೇ: ಕೆಂಪು, ಬಿಳಿ, ಕಪ್ಪು, ಹಳದಿ.

ಹವ್ಯಾಸಕ್ಕೆ ಚಿತ್ರ ಬರೆಯುವವರು ಬಣ್ಣ ಬೆರೆಸುವುದೆಂದರೆ ನೀಲಿಗೆ ಹಳದಿ ಹಾಕಿ ಹಸಿರು ಮಾಡುವುದು ಎಂದುಕೊಂಡಿರುತ್ತಾರೆ. ಚಿತ್ತಾರದಲ್ಲಿ ಆ ಲೆಕ್ಕವೇ ಇಲ್ಲ. ಒಂದು ಬಣ್ಣಕ್ಕೆ ಇನ್ನೊಂದು ಕೂಡುವುದಿಲ್ಲ, ಪಕ್ಕದಲ್ಲಿ ಕೂರುತ್ತದೆ. ಕೈಚಳಕವೆಲ್ಲ ಎಷ್ಟು ನುಣ್ಣಗೆ, ಎಷ್ಟು ತೆಳ್ಳಗೆ ಎಂಬುದರಲ್ಲಿದೆ.

ಕೆಂಪಿಗೆ ಕೆಮ್ಮಣ್ಣು. ಮಣ್ಣನ್ನು ನೀರಿನಲ್ಲಿ ಕದಡಿ ಸ್ವಲ್ಪ ಹೊತ್ತು ಬಿಟ್ಟರೆ ಮರಳು ತಳಕ್ಕಿಳಿಯುತ್ತದೆ. ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ ತಂಗಲು ಬಿಟ್ಟರೆ ಬೆರಳಿಗೆ ಹಿಡಿಯುವ ನುಣುಪಾದ ಗಸಿ ಸಿಗುತ್ತದೆ. ಈ ಕೆಂಪು ಕಬ್ಬಿಣದ ಆಕ್ಸೈಡಿನದು. ಬಿಸಿಲಿಗೆ ಮಾಸುವ ಜಾತಿಯದಲ್ಲ. ಕಪ್ಪಿಗೆ ಅಕ್ಕಿಯನ್ನು ಕರಕಲಾಗುವವರೆಗೆ ಹುರಿದು ಅರೆಯುತ್ತಾರೆ. ಇಂಗಾಲವಾದ್ದರಿಂದ ಅದೂ ಗಟ್ಟಿ. ಬಾಳಿಕೆಯಲ್ಲಿ ಸೋಲುವುದು ಗುರಿಗೆ ಕಾಯಿಯ ಹಳದಿ. ಗಿಡದ ಬಣ್ಣಗಳ ಹಣೆಬರಹವೇ ಹಾಗೆ.

ಬಿಳಿಯದೇ ಒಂದು ಸೋಜಿಗ. ನೆನೆಸಿದ ಅಕ್ಕಿಯನ್ನು ಅರೆದ ಹಿಟ್ಟು ಕೆಂಪು ನೆಲದ ಮೇಲೆ ಹಸಿಯಾಗಿರುವಾಗ ಇದ್ದೂ ಇಲ್ಲದಂತೆ ಪೇಲವ. ಹೊಸಬರು ಗಾಬರಿಯಾಗಿ ಮೇಲೊಂದು ಎಳೆ ಎಳೆದುಬಿಡುತ್ತಾರೆ. ನೀರು ಆರಿ ಕಣಗಳ ನಡುವೆ ಗಾಳಿ ಸೇರಿದ ಮೇಲೆ ಬೆಳಕು ಚೆದರಿ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಆಗ ಎರಡು ಸಲ ಎಳೆದ ಜಾಗ ದಪ್ಪವಾಗಿ ಅಣಕಿಸುತ್ತದೆ. ಅಕ್ರಿಲಿಕ್ ಇದಕ್ಕೆ ತದ್ವಿರುದ್ಧ. ಒಣಗಿದಾಗ ಒಂದಿಷ್ಟು ಕಂದುತ್ತದೆ. ಎರಡಕ್ಕೂ ಮದ್ದು ಒಂದೇ: ಬೆರೆಸಿದ್ದನ್ನು ಮೊದಲು ಮೂಲೆಯಲ್ಲಿ ಬಳಿದು, ಒಣಗಿಸಿ ನೋಡುವುದು. ಅಕ್ಕಿಯ ಬಿಳಿಗೆ ಇನ್ನೊಂದು ಅನುಕೂಲವಿದೆ. ಪಿಷ್ಟವೇ ಅಂಟಾದ್ದರಿಂದ ಬೇರೆ ಗೋಂದು ಬೇಡ. ಆದರೆ ಹುಳಿ ಬರುತ್ತದೆ, ಅಂದಂದಿನದು ಅಂದಂದಿಗೆ.

ಕುಂಚ ಪುಂಡಿ ನಾರಿನದು. ನಾರನ್ನು ಬಣ್ಣದಲ್ಲಿ ಅದ್ದಿ ಗೋಡೆಗೆ ತಾಗಿಸಿ ಎಳೆದರೆ ಒಂದು ಎಳೆ. ಅಂಥ ಎಳೆಗಳನ್ನು ಒತ್ತೊತ್ತಾಗಿ ಕೂಡಿಸಿಯೇ ಚೌಕಟ್ಟು, ಪಲ್ಲಕ್ಕಿ, ತೇರು ಎಲ್ಲ ಹುಟ್ಟಬೇಕು. ಹಿಟ್ಟು ಗಟ್ಟಿಯಾದರೆ ಎಳೆ ತುಂಡಾಗುತ್ತದೆ, ನೀರಾದರೆ ಜಾರುತ್ತದೆ. ಇದಕ್ಕೆ ಅಳತೆಯ ಚಮಚವಿಲ್ಲ. ಅಮ್ಮ, ಅತ್ತೆಯರ ಪಕ್ಕ ಕೂತು ಕಲಿತದ್ದು.

ಈಗ ಕಾಗದ, ಬಟ್ಟೆಯ ಮೇಲೂ ಚಿತ್ತಾರ ಮಾರಾಟವಾಗುತ್ತದೆ. ಅಂಗಡಿಯ ಬಿಳಿ ಬಣ್ಣ ಬಳಸಿದ್ದನ್ನು ಕಂಡರೆ ನನಗೆ ಅದೇಕೋ ಸಪ್ಪೆ ಎನಿಸುತ್ತದೆ. ಎಲ್ಲ ಗೆರೆಯೂ ಒಂದೇ ಸಮ, ಒಂದೇ ಹೊಳಪು. ಅಕ್ಕಿಹಿಟ್ಟಿನ ಗೆರೆಯಲ್ಲಿ ಎಲ್ಲಿ ನಾರು ಒಣಗಿತು, ಎಲ್ಲಿ ಮತ್ತೆ ಅದ್ದಿದರು ಎಂಬುದು ಕಾಣುತ್ತದೆ. ಹಾಗೆಂದು ಮಾರಿ ಬದುಕಬೇಕಾದವರಿಗೆ ಬೂಸು ಹಿಡಿಯದ ಬಣ್ಣ ಬೇಡವೆನ್ನಲು ನಾನ್ಯಾರು?

ನೋಡಬೇಕೆಂದರೆ ದಸರಾ ಮುಗಿದು ಐದನೇ ದಿನಕ್ಕೆ ಬರುವ ಭೂಮಿ ಹುಣ್ಣಿಮೆಯ, ಅಂದರೆ ಆಶ್ವಯುಜದ ಹುಣ್ಣಿಮೆಯ, ಹೊತ್ತಿಗೆ ಈ ಕಡೆಯ ಹಳ್ಳಿಗಳಿಗೆ ಹೋಗಬೇಕು. ಬಿದಿರು ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಮೇಲೆ ಬಿಳಿ ಎಳೆಗಳನ್ನು ಬರೆದಿರುತ್ತಾರೆ. ಮನೆಯಲ್ಲಿ ಮಾಡಿ ನೋಡುವವರು ಕೆಮ್ಮಣ್ಣಿನಿಂದಲೇ ಶುರುಮಾಡಲಿ. ಕಾಗದಕ್ಕಾದರೆ ಸೋಸಿದ ಗಸಿಗೆ ಚೂರು ಗೋಂದು ಸೇರಿಸಿಕೊಳ್ಳಬೇಕು. ಗುರಿಗೆ ಸಿಗದಿದ್ದರೆ ಹಳದಿಯನ್ನು ಬಿಟ್ಟರೂ ನಡೆದೀತು, ಮೊದಲ ಬುಟ್ಟಿಗೆ ಕೆಂಪು ಬಿಳಿ ಎರಡೇ ಸಾಕು.