ಬೆಳಗಿನ ಇಡ್ಲಿಯೂ ಪಾಲಿಕೆಯ ಬಸ್ಸೂ



ಬೆಳಿಗ್ಗೆ ಏಳಕ್ಕೆ ಗಿರಾಕಿಗೆ ಬಿಸಿ ಇಡ್ಲಿ ಕೊಡಬೇಕಾದರೆ ಐದೂವರೆಗೆ ಒಲೆ ಹೊತ್ತಬೇಕು. ಹಿಂದೆ ನಮ್ಮ ಹುಡುಗರು ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದರು. ಈಗ ಸಂಸಾರವಂದಿಗರಾಗಿ ಕಲ್ವಾ, ನಾಲಾಸೋಪಾರಾ ಕಡೆಯಿಂದ ಬರುತ್ತಾರೆ. ಲೋಕಲ್ ಇಳಿದ ಮೇಲೆ ಬಸ್ಸು ಸಿಗದಿದ್ದರೆ ಇಡ್ಲಿ ತಡ, ಬಂದ ಗಿರಾಕಿ ಪಕ್ಕದ ಅಂಗಡಿಗೆ. ಆದ್ದರಿಂದ ಮುಂಬಯಿಯ ಓಡಾಟದಲ್ಲಿ ಯಾವುದು ಯಾರ ಕೈಯಲ್ಲಿದೆ ಎಂದು ನಾವು ತಿಳಿದಿರಬೇಕು.

ಲೋಕಲ್ ರೈಲು ಕೇಂದ್ರ ಸರಕಾರದ ರೈಲ್ವೆಯದು. ಮೆಟ್ರೋ ಕೆಲಸದಲ್ಲಿ ರಾಜ್ಯ ಸರಕಾರದ ಸಂಸ್ಥೆಗಳದೇ ದೊಡ್ಡ ಪಾಲು. ಬೆಸ್ಟ್ ಬಸ್ಸು ಮಾತ್ರ 1947ರಿಂದ ನಮ್ಮ ಮಹಾನಗರಪಾಲಿಕೆಯದು. ಬಸ್ ಸ್ಟಾಪಿಗೆ ನಡೆದು ಹೋಗುವ ಫುಟ್‌ಪಾತ್ ನೋಡಿಕೊಳ್ಳುವುದೂ ಹೆಚ್ಚಿನ ಕಡೆ ಪಾಲಿಕೆಯ ಕೆಲಸ.

ಹಿಂದೆ ಬೆಸ್ಟ್‌ನ ವಿದ್ಯುತ್ ವಿಭಾಗದ ಆದಾಯದಿಂದ ಬಸ್ಸಿನ ನಷ್ಟ ತುಂಬುತ್ತಿತ್ತು. ಆ ದಾರಿ ಮುಚ್ಚಿದ ಮೇಲೆ ಪಾಲಿಕೆಯ ಬಜೆಟ್ಟಿನ ನೆರವೇ ದೊಡ್ಡ ಆಧಾರ. 2019ರ ಜುಲೈಯಲ್ಲಿ ಪಾಲಿಕೆಯ ನೆರವಿನೊಂದಿಗೆ ಕನಿಷ್ಠ ದರ 8 ರೂಪಾಯಿಯಿಂದ 5ಕ್ಕೆ ಇಳಿಯಿತು. 2025ರ ಮೇಯಲ್ಲಿ ಅದು 10 ಆಯಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ದಿನಕ್ಕೆ ಎರಡು ಸಲ ಹತ್ತುವ ಹುಡುಗನಿಗೆ 26 ದಿನಕ್ಕೆ ಮೊದಲು 260 ರೂಪಾಯಿ, ಈಗ 520. ಹತ್ತು ಹುಡುಗರಿದ್ದರೆ ತಿಂಗಳಿಗೆ 2,600 ಹೆಚ್ಚು. ಅದನ್ನು ಹುಡುಗರೇ ಹೊರಬೇಕು, ಇಲ್ಲವೇ ಮಾಲೀಕ ಕೊಡಬೇಕು. ಯಾರೂ ಕೊಡದಿದ್ದರೆ ಹುಡುಗ ಮನೆ ಹತ್ತಿರದ ಹೋಟೆಲು ಹುಡುಕುತ್ತಾನೆ.

ದರ ಏರಿದ್ದಕ್ಕಿಂತ ಬಸ್ಸು ಕಾಯುವುದೇ ಹೆಚ್ಚು ಕಷ್ಟ ಎಂದು ನಮ್ಮ ಹುಡುಗರ ಮಾತು. ಹತ್ತು ರೂಪಾಯಿ ಕೊಟ್ಟರೂ ಹೊತ್ತಿಗೆ ಬಸ್ಸು ಬಂದರೆ ಸಾಕು ಎನ್ನುತ್ತಾರೆ. ಈ ಕೆಲಸ ಪಾಲಿಕೆಯಿಂದ ಆಗಬೇಕಾದದ್ದು.

2022ರ ಮಾರ್ಚಿನ ನಂತರ ಪಾಲಿಕೆಯಲ್ಲಿ ನಗರಸೇವಕರಿರಲಿಲ್ಲ, ಆಡಳಿತಾಧಿಕಾರಿಯೇ ನಡೆಸುತ್ತಿದ್ದರು. 2026ರ ಜನವರಿಯಲ್ಲಿ ಚುನಾವಣೆ ಆಗಿ, ಈಗ ನಮ್ಮ ಮಾತು ಕೇಳಲು ವಾರ್ಡಿಗೊಬ್ಬರು ಇದ್ದಾರೆ. ಒಬ್ಬೊಬ್ಬರೇ ಗೊಣಗಿದರೆ ಪ್ರಯೋಜನವಿಲ್ಲ. ಒಂದು ರಸ್ತೆಯ ಹೋಟೆಲಿನವರೆಲ್ಲ ಸೇರಿ, ಎಷ್ಟು ಹುಡುಗರು, ಯಾವ ಸ್ಟೇಷನ್ನಿನಿಂದ, ಎಷ್ಟು ಗಂಟೆಗೆ ಬಸ್ಸು ಬೇಕು ಎಂದು ಬರೆದು ನಗರಸೇವಕರಿಗೂ ಬಸ್ ಡಿಪೋಗೂ ಕೊಡೋಣ. ಫುಟ್‌ಪಾತಿನ ದೂರಿದ್ದರೆ ವಾರ್ಡ್ ಆಫೀಸಿಗೆ.

ಕೇಳುವ ಮೊದಲು ನಮ್ಮ ಬಾಗಿಲೂ ನೋಡಿಕೊಳ್ಳೋಣ. ಪಾರ್ಸೆಲ್ ಸ್ಕೂಟರು ಫುಟ್‌ಪಾತಿನಲ್ಲಿ, ತರಕಾರಿ ಟೆಂಪೋ ಬಸ್ ಸ್ಟಾಪಿನಲ್ಲಿ ನಿಲ್ಲಿಸಿದರೆ, ಬಸ್ಸು ತಡವಾಗುವುದರಲ್ಲಿ ನಮ್ಮ ಪಾಲೂ ಇದೆ.