ಕಾಂಡ್ಲಾ ಮರದ ಉಸಿರಾಡುವ ಬೇರುಗಳು

ಬೇರು ಮಣ್ಣಿನೊಳಗೆ ಕೆಳಮುಖವಾಗಿ ಬೆಳೆಯುತ್ತದೆ ಎಂದು ನಾವು ಚಿಕ್ಕಂದಿನಿಂದ ಕಲಿತಿದ್ದೇವೆ. ಆದರೆ ಕುಂದಾಪುರ, ಹೊನ್ನಾವರ, ಕಾರವಾರದ ಅಳಿವೆಗಳಲ್ಲಿ ನೀರು ಇಳಿದಾಗ ಕೆಲವು ಕಾಂಡ್ಲಾ ಮರಗಳ ಬುಡ ನೋಡಿ. ಪೆನ್ಸಿಲ್‌ನಂತಹ ನೂರಾರು ಕಡ್ಡಿಗಳು ಕೆಸರಿನಿಂದ ನೆಟ್ಟಗೆ ಮೇಲೆದ್ದಿರುತ್ತವೆ. ಅವು ಮೊಳಕೆಗಳಲ್ಲ, ಬೇರುಗಳು. ಜೀವಶಾಸ್ತ್ರದಲ್ಲಿ ಇವುಗಳನ್ನು ನ್ಯುಮ್ಯಾಟೋಫೋರ್, ಅಂದರೆ ಉಸಿರಾಟದ ಬೇರು ಎನ್ನುತ್ತಾರೆ.

ಬೇರು ಏಕೆ ಉಸಿರಾಡಬೇಕು? ಆಹಾರವನ್ನು ಎಲೆ ತಯಾರಿಸಿದರೂ ಅದರಿಂದ ಶಕ್ತಿ ಪಡೆಯಲು ಬೇರಿನ ಜೀವಕೋಶಗಳಿಗೆ ಆಮ್ಲಜನಕ ಬೇಕು. ಸಾಮಾನ್ಯ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ಅಳಿವೆಯ ಕೆಸರಿನಲ್ಲಿ ಆ ಜಾಗವೆಲ್ಲ ನೀರಿನಿಂದ ತುಂಬಿರುತ್ತದೆ. ನೀರಿನಲ್ಲಿ ಆಮ್ಲಜನಕವು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಬಂದ ಅಲ್ಪಸ್ವಲ್ಪವನ್ನೂ ಬ್ಯಾಕ್ಟೀರಿಯಾಗಳು ಬಳಸಿಬಿಡುತ್ತವೆ. ಅಂತಹ ಕೆಸರನ್ನು ಕೆದಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡ್‌ನದು.

ಅವಿಸೀನಿಯಾ ಜಾತಿಯ ಕಾಂಡ್ಲಾದ ಮುಖ್ಯ ಬೇರುಗಳು ಕೆಸರಿನ ಮೇಲ್ಪದರದಲ್ಲೇ ಅಡ್ಡಲಾಗಿ ಹರಡುತ್ತವೆ. ಅವುಗಳಿಂದ ಸಾಲಾಗಿ ಉಸಿರಾಟದ ಬೇರುಗಳು ಮೇಲೇಳುತ್ತವೆ. ಎರಡು-ಮೂರು ಮೀಟರ್ ಎತ್ತರದ ಒಂದೇ ಮರಕ್ಕೆ ಇಂತಹ 10,000ಕ್ಕೂ ಹೆಚ್ಚು ಬೇರುಗಳಿರಬಹುದು. ಇವುಗಳ ಮೈಮೇಲೆ ಲೆಂಟಿಸೆಲ್ ಎಂಬ ಸಣ್ಣ ರಂಧ್ರಗಳಿವೆ. ಒಳಗೆ ಸ್ಪಂಜಿನಂತಹ ಏರೆಂಕೈಮಾ ಅಂಗಾಂಶವಿದೆ. ರಂಧ್ರದಿಂದ ಬಂದ ಗಾಳಿ ಈ ಅಂಗಾಂಶದ ಮೂಲಕ ಕೆಸರಿನೊಳಗಿನ ಬೇರನ್ನು ತಲುಪುತ್ತದೆ.

ಉಬ್ಬರದಲ್ಲಿ ಬೇರು ಮುಳುಗಿದಾಗ ಏನಾಗುತ್ತದೆ? ಲೆಂಟಿಸೆಲ್‌ಗಳು ನೀರನ್ನು ಒಳಗೆ ಬಿಡುವುದಿಲ್ಲ. ಬೇರು ತನ್ನೊಳಗಿನ ಆಮ್ಲಜನಕವನ್ನು ಬಳಸುತ್ತಾ ಹೋಗುತ್ತದೆ. ಹೊರಬಂದ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಹೀಗಾಗಿ ಬೇರಿನೊಳಗಿನ ಒತ್ತಡ ಕಡಿಮೆಯಾಗುತ್ತದೆ. ನೀರು ಇಳಿದು ರಂಧ್ರಗಳು ತೆರೆದುಕೊಂಡ ಕೂಡಲೇ ಹೊರಗಿನ ಗಾಳಿ ಒಳನುಗ್ಗುತ್ತದೆ.

ರೈಝೋಫೋರಾ ಎಂಬ ಇನ್ನೊಂದು ಕಾಂಡ್ಲಾದ ವಿಧಾನ ಬೇರೆ. ಅದರ ಬೇರುಗಳು ಕಾಂಡದಿಂದ ಬಾಗಿ ಊರುಗೋಲಿನಂತೆ ಕೆಸರಿಗೆ ಇಳಿಯುತ್ತವೆ. ಕೆಲವು ಪುಸ್ತಕಗಳು ಮೇಲೇಳುವ ಬೇರಿಗೂ ರೈಝೋಫೋರಾವನ್ನೇ ಉದಾಹರಣೆ ಕೊಡುತ್ತವೆ. ಆದರೆ ಅದಕ್ಕೆ ಸರಿಯಾದ ಉದಾಹರಣೆ ಅವಿಸೀನಿಯಾ ಮತ್ತು ಸೊನ್ನೆರೇಷಿಯಾ. ರೈಝೋಫೋರಾದ ಊರುಗೋಲು ಬೇರುಗಳಲ್ಲೂ ಲೆಂಟಿಸೆಲ್‌ಗಳಿವೆ. ವಿಜ್ಞಾನಿ ಶೊಲಾಂಡರ್ ಮತ್ತು ಸಂಗಡಿಗರು 1955ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ರಂಧ್ರಗಳನ್ನು ಗ್ರೀಸ್ ಹಚ್ಚಿ ಮುಚ್ಚಿದ್ದರು. ಎರಡೇ ದಿನಗಳಲ್ಲಿ ಕೆಸರಿನೊಳಗಿನ ಬೇರಿನಲ್ಲಿದ್ದ ಆಮ್ಲಜನಕ ಶೇ. 15ಕ್ಕಿಂತ ಮೇಲಿದ್ದುದು ಶೇ. 2ರ ಆಸುಪಾಸಿಗೆ ಇಳಿಯಿತು.

ಅವಿಸೀನಿಯಾ ಎಂಬ ಹೆಸರು ನಮಗೆ ಅಪರಿಚಿತವಲ್ಲ. 'ಅಲ್ ಖಾನೂನ್ ಫಿತ್ತಿಬ್ಬ್' ಎಂಬ ವೈದ್ಯಗ್ರಂಥ ಬರೆದ ಇಬ್ನು ಸೀನಾರನ್ನು (980–1037) ಯುರೋಪಿನವರು ಅವಿಸೆನ್ನಾ ಎಂದು ಕರೆದರು. ಸಸ್ಯವಿಜ್ಞಾನಿ ಲಿನೇಯಸ್ ಈ ಸಸ್ಯಕುಲಕ್ಕೆ ಅವರ ಹೆಸರನ್ನೇ ಇಟ್ಟರು.

ಶೊಲಾಂಡರ್ ಗ್ರೀಸ್‌ನಿಂದ ಮಾಡಿದ್ದನ್ನು ಅಳಿವೆಯಲ್ಲಿ ಚೆಲ್ಲಿದ ಎಣ್ಣೆಯೂ ಮಾಡುತ್ತದೆ. ದಡದಲ್ಲಿ ಸುರಿದ ಮಣ್ಣು ಮತ್ತು ಕಟ್ಟಡದ ಅವಶೇಷ ಈ ಬೇರುಗಳನ್ನು ಹೂತುಬಿಡುತ್ತವೆ. ಆಗ ಮರಕ್ಕೆ ಕೊಡಲಿ ಏಟು ಬೀಳಬೇಕಾಗಿಲ್ಲ, ಉಸಿರುಗಟ್ಟಿಯೇ ಸಾಯುತ್ತದೆ. ಮೀನು, ಸಿಗಡಿ ಮರಿಗಳ ಆಸರೆಯೂ ದಡದ ಮಣ್ಣನ್ನು ಹಿಡಿದಿಡುವ ಬೇರಿನ ಬಲೆಯೂ ಅದರೊಂದಿಗೇ ಹೋಗುತ್ತವೆ. ಕಾಂಡ್ಲಾ ಉಳಿಸುವುದೆಂದರೆ ಮರ ಕಡಿಯದಿರುವುದು ಮಾತ್ರವಲ್ಲ, ಅದರ ಬುಡದ ಕೆಸರನ್ನೂ ಮುಚ್ಚದೆ ಬಿಡುವುದು.